ಅಡ್ರಿನಲ್ ಗ್ರಂಥಿಗೆ ಆದೇಶ ತಲುಪುವ ಬಗೆ

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಅಡ್ರಿನಲ್ ಗ್ರಂಥಿಗಳ ತೂಕ ತಲಾ ನಾಲ್ಕೈದು ಗ್ರಾಂ ಮಾತ್ರ. ಆದರೆ ಇವುಗಳ ಹೊರಪದರ ಸ್ರವಿಸುವ ಕಾರ್ಟಿಸಾಲ್ ಹಾರ್ಮೋನು ಇಲ್ಲದೆ ಮನುಷ್ಯ ಬದುಕಲಾರ. ಉಪವಾಸದಲ್ಲಿ ರಕ್ತದ ಸಕ್ಕರೆ ಕುಸಿಯದಂತೆ, ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳ ವೇಳೆ ರಕ್ತದೊತ್ತಡ ಇಳಿಯದಂತೆ ಕಾಯುವುದು ಇದೇ. ಈ ಗ್ರಂಥಿಗೆ ಆದೇಶ ಬರುವುದು ಹೇಗೆ, ಅದು ತಲುಪದಿದ್ದರೆ ಏನಾಗುತ್ತದೆ ಎಂಬುದರ ಕಿರುಪರಿಚಯ ಇಲ್ಲಿದೆ.

ಬಾಗಿಲಲ್ಲಿ ನಿಂತ ದೂತ

ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. 39 ಅಮೈನೋ ಆಮ್ಲಗಳ ಸರಪಳಿಯಾದ ಇದು ಪೆಪ್ಟೈಡ್ ವರ್ಗಕ್ಕೆ ಸೇರಿದ್ದು. ಪೆಪ್ಟೈಡ್ ಹಾರ್ಮೋನುಗಳು ಕೊಬ್ಬಿನಂಶದ ಕೋಶಪೊರೆಯನ್ನು ದಾಟಲಾರವು. ಆದ್ದರಿಂದ ಎಸಿಟಿಎಚ್ ಹೊರಗೇ ನಿಂತು, ಪೊರೆಯಲ್ಲಿ ಹುದುಗಿರುವ ‘ಎಂಸಿ2ಆರ್’ ಎಂಬ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಪೊರೆಯನ್ನು ಏಳು ಬಾರಿ ಹಾದುಹೋಗುವ ಈ ಗ್ರಾಹಕದ ವಂಶವಾಹಿಯನ್ನು 1992ರಲ್ಲಿ ಗುರುತಿಸಲಾಯಿತು.

ಗ್ರಾಹಕ ಎಚ್ಚೆತ್ತೊಡನೆ ಒಳಬದಿಯ ಜಿ-ಪ್ರೋಟೀನು ಚುರುಕಾಗಿ, ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ಹೇರಳವಾಗಿ ತಯಾರಾಗುತ್ತದೆ. ಇದೇ ‘ಎರಡನೆಯ ದೂತ’. ಹಾರ್ಮೋನುಗಳ ಕಾರ್ಯವಿಧಾನದ ಸಂಶೋಧನೆಗಾಗಿ ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರ ನೊಬೆಲ್ ಪ್ರಶಸ್ತಿ ಸಂದಿದ್ದು ಈ ಅಣುವಿನ ಜಾಡು ಹಿಡಿದದ್ದಕ್ಕೆ. ಎರಡನೆಯ ದೂತನ ಸೂಚನೆಯಂತೆ ಕೊಲೆಸ್ಟರಾಲ್ ಮೈಟೊಕಾಂಡ್ರಿಯದೊಳಕ್ಕೆ ಸಾಗಿ, ಹಲವು ಹಂತಗಳಲ್ಲಿ ಕಾರ್ಟಿಸಾಲ್ ಆಗಿ ಮಾರ್ಪಡುತ್ತದೆ.

ಆದೇಶ ತಲುಪದಿದ್ದರೆ

ಎಂಸಿ2ಆರ್ ತಾನಾಗಿ ಕೋಶದ ಮೇಲ್ಮೈಗೆ ಬರಲಾರದು. ಅದಕ್ಕೆ ‘ಎಂಆರ್‌ಎಪಿ’ ಎಂಬ ಸಹಾಯಕ ಪ್ರೋಟೀನು ಬೇಕು ಎಂಬುದು 2005ರಲ್ಲಿ ಬೆಳಕಿಗೆ ಬಂತು. ಇವೆರಡರ ಪೈಕಿ ಒಂದರ ವಂಶವಾಹಿಯಲ್ಲಿ ದೋಷವಿದ್ದರೂ ಗ್ರಂಥಿ ಎಸಿಟಿಎಚ್‌ನ ಕರೆಗೆ ಕಿವುಡಾಗುತ್ತದೆ. ಅಪರೂಪದ ಈ ಆನುವಂಶಿಕ ಕಾಯಿಲೆಯಲ್ಲಿ ಶಿಶುವಿಗೆ ಪದೇ ಪದೇ ಸಕ್ಕರೆ ಕುಸಿದು ಫಿಟ್ಸ್ ಬರಬಹುದು. ಕಾರ್ಟಿಸಾಲ್ ಇಲ್ಲದ್ದನ್ನು ಕಂಡು ಪಿಟ್ಯುಟರಿ ಮತ್ತಷ್ಟು ಎಸಿಟಿಎಚ್ ಸುರಿಸುವುದರಿಂದ, ಅದು ಚರ್ಮದ ಗ್ರಾಹಕಗಳನ್ನೂ ಕೆರಳಿಸಿ ಮೈಬಣ್ಣ ಕಪ್ಪಾಗುತ್ತದೆ. ಉಪ್ಪಿನ ಸಮತೋಲ ಕಾಯುವ ಆಲ್ಡೊಸ್ಟಿರಾನ್ ಮಾತ್ರ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಅದರ ಮುಖ್ಯ ಒಡೆಯ ಎಂಟು ಅಮೈನೋ ಆಮ್ಲಗಳ ಆಂಜಿಯೊಟೆನ್ಸಿನ್-2 ಎಂಬ ಬೇರೊಂದು ಪೆಪ್ಟೈಡ್. ಗುರುತಿಸದಿದ್ದರೆ ಪ್ರಾಣಾಪಾಯವಿರುವ ಈ ಕಾಯಿಲೆಗೆ ಹೈಡ್ರೊಕಾರ್ಟಿಸೋನ್ ಮಾತ್ರೆಯೇ ಮದ್ದು.

ಸ್ಟಿರಾಯ್ಡ್ ಸೇವಿಸುವವರೇ, ಎಚ್ಚರ

ಈ ಸಂಕೇತ ಸರಪಳಿ ಜನಸಾಮಾನ್ಯರಿಗೂ ಸಂಬಂಧಿಸಿದ್ದು. ಆಸ್ತಮಾ, ಸಂಧಿವಾತ, ಚರ್ಮರೋಗಗಳಿಗೆಂದು ವಾರಗಟ್ಟಲೆ ಪ್ರೆಡ್ನಿಸೊಲೋನ್‌ನಂಥ ಮಾತ್ರೆ ನುಂಗಿದಾಗ, ದೇಹದಲ್ಲಿ ಕಾರ್ಟಿಸಾಲ್ ಸಾಕಷ್ಟಿದೆಯೆಂದು ಭಾವಿಸಿ ಪಿಟ್ಯುಟರಿ ಎಸಿಟಿಎಚ್ ನಿಲ್ಲಿಸುತ್ತದೆ. ಕರೆಯಿಲ್ಲದ ಅಡ್ರಿನಲ್ ಹೊರಪದರ ಸೊರಗುತ್ತದೆ. ಆಗ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ ಕಾಡಬಹುದು. ಸೋಂಕಿನ ವೇಳೆ ಇದು ಜೀವಕ್ಕೇ ಎರವಾಗಬಹುದು. ಆದುದರಿಂದ ವೈದ್ಯರ ಸಲಹೆಯಂತೆ ಹಂತಹಂತವಾಗಿ ಪ್ರಮಾಣ ತಗ್ಗಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ಟಿರಾಯ್ಡ್ ಸೇವನೆಯ ವಿಷಯವನ್ನು ತಪ್ಪದೆ ತಿಳಿಸಬೇಕು.

ಗ್ರಂಥಿ ಚೇತರಿಸಿಕೊಂಡಿದೆಯೇ ಎಂದು ತಿಳಿಯಲು ಪರೀಕ್ಷೆಯೂ ಇದೆ. ಎಸಿಟಿಎಚ್‌ನ ಮೊದಲ 24 ಅಮೈನೋ ಆಮ್ಲಗಳಷ್ಟೇ ಉಳ್ಳ ಕೃತಕ ರೂಪವನ್ನು ಚುಚ್ಚಿ, ಅರ್ಧ ಗಂಟೆ ಅಥವಾ ಒಂದು ಗಂಟೆಯ ಬಳಿಕ ರಕ್ತದ ಕಾರ್ಟಿಸಾಲ್ ಅಳೆಯುತ್ತಾರೆ. ಮಟ್ಟ ಸಾಕಷ್ಟು ಏರಿದರೆ ಗ್ರಂಥಿ ಮತ್ತೆ ಕರೆಗೆ ಓಗೊಡುತ್ತಿದೆ ಎಂದರ್ಥ.