ಬಳಲಿದ ದೇಹದ ಜ್ವರ

ಜ್ವರವೆಂದೊಡನೆ ಹೊರಗಿನ ಶತ್ರುವೊಂದು ದೇಹವನ್ನು ಹೊಕ್ಕಿದೆಯೆಂದು ಭಾವಿಸುವುದು ಲೋಕರೂಢಿ. ಪೂರ್ವಕಾಲದ ಚೀನೀ ವೈದ್ಯರಲ್ಲಿಯೂ ಈ ಭಾವನೆ ಪ್ರಬಲವಾಗಿತ್ತು. ಶೀತವಾತಗಳು ಒಳಹೊಕ್ಕು ತಾಪವನ್ನುಂಟುಮಾಡುವುವೆಂದೂ, ಬೆವರಿಳಿಸಿಯೋ ಭೇದಿಮಾಡಿಸಿಯೋ ಅವನ್ನು ಹೊರದೂಡಬೇಕೆಂದೂ ಅವರು ಬಗೆದಿದ್ದರು. ಶಕ್ತಿ ಕುಂದಿದುದರಿಂದ ಹುಟ್ಟುವ ಜ್ವರವೂ ಉಂಟೆಂಬುದನ್ನು ಹಳೆಯ ಗ್ರಂಥಗಳ ಸೂಚನೆಗಳಿಂದ ಬೆಳೆಸಿ, ಒಂದು ಸಿದ್ಧಾಂತವಾಗಿ ನಿಲ್ಲಿಸಿದವನು ಲೀ ಗಾವೋ (1180–1251).

ಈ ಸಿದ್ಧಾಂತದ ಹಿಂದೆ ಒಂದು ದಾರುಣವಾದ ಅನುಭವವಿದೆ. 1232ರಲ್ಲಿ ಜಿನ್ ವಂಶದವರ ರಾಜಧಾನಿಯಾದ ಕೈಫೆಂಗ್ ನಗರವನ್ನು ಮಂಗೋಲರು ಮುತ್ತಿದರು. ಮುತ್ತಿಗೆ ಸಡಿಲಿದ ಮೇಲೆ ನಗರದಲ್ಲಿ ಘೋರವ್ಯಾಧಿ ಹಬ್ಬಿತು. ಹನ್ನೆರಡು ದ್ವಾರಗಳಲ್ಲಿ ಒಂದೊಂದರಿಂದಲೂ ದಿನಕ್ಕೆ ಸಾವಿರದಿಂದ ಎರಡು ಸಾವಿರದವರೆಗೆ ಶವಗಳು ಹೊರಬಿದ್ದುವೆಂದೂ, ಸುಮಾರು ಮೂರು ತಿಂಗಳು ಹೀಗೆಯೇ ನಡೆಯಿತೆಂದೂ ಲೀ ಗಾವೋ ಬರೆದಿದ್ದಾನೆ. ಇಷ್ಟು ಜನಕ್ಕೂ ಒಮ್ಮೆಗೇ ಶೀತವಾತಗಳು ತಗುಲಿದುವೇ ಎಂಬುದು ಅವನ ಪ್ರಶ್ನೆ. ಹಸಿವು, ದುಡಿಮೆ, ಭಯಗಳಿಂದ ಅವರ ಜಠರಶಕ್ತಿ ಮೊದಲೇ ಅಳಿದಿತ್ತು. ಅಂಥವರಿಗೆ ಬೆವರಿನ ಮದ್ದನ್ನೂ ಭೇದಿಯ ಮದ್ದನ್ನೂ ಕೊಟ್ಟು ವೈದ್ಯರೇ ಕೊಂದರೆಂದು ಅವನು ನೊಂದು ನುಡಿದನು.

ಒಳಗಿನ ಕ್ಷೀಣತೆಯನ್ನೂ ಹೊರಗಿನ ಆಘಾತವನ್ನೂ ಬೇರ್ಪಡಿಸಿ ತಿಳಿಸುವ ಅವನ ಗ್ರಂಥಕ್ಕೆ 1247ರ ಮುನ್ನುಡಿಯಿದೆ. ಹೊರಗಿನಿಂದ ಬಂದ ಜ್ವರದಲ್ಲಿ ಕೈಯ ಹಿಂಬದಿ ಹೆಚ್ಚು ಬಿಸಿ. ಕ್ಷೀಣತೆಯ ಜ್ವರದಲ್ಲಿ ಅಂಗೈ ಹೆಚ್ಚು ಬಿಸಿ. ಮೊದಲನೆಯದು ಎಡೆಬಿಡದೆ ಕಾಯುವುದು. ಎರಡನೆಯದು ಬಿಟ್ಟು ಬಿಟ್ಟು ಬರುವುದು. ಇದಕ್ಕೆ ಅವನು ವಿಧಿಸಿದ ಪ್ರಸಿದ್ಧ ಕಷಾಯದಲ್ಲಿ ಜಿನ್ಸೆಂಗ್, ಅತಿಮಧುರ, ಕಿತ್ತಳೆಯ ಸಿಪ್ಪೆ ಮೊದಲಾದ ಎಂಟು ದ್ರವ್ಯಗಳಿವೆ. ಸಿಹಿಯಾದ ಉಷ್ಣದ್ರವ್ಯಗಳಿಂದಲೇ ಜ್ವರವನ್ನಿಳಿಸುವುದು ಅಂದಿನವರಿಗೆ ವಿಪರೀತವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ತರುವಾಯ ಝೂ ಝೆನ್‌ಹೆಂಗ್ (1281–1358) ಎಂಬವನು, ದೇಹವನ್ನು ತಂಪಾಗಿಡುವ ‘ಯಿನ್’ ತತ್ತ್ವದ ಕೊರತೆಯಿಂದಲೂ ತಾಪವೇರುವುದೆಂದು ವಿವರಿಸಿ, ಅದಕ್ಕೆ ತಂಪಿನ ಪೋಷಣೆಯನ್ನು ಹೇಳಿದನು. ಹೀಗೆ ಕೊರತೆಯಲ್ಲಿಯೂ ಭೇದಗಳನ್ನೆಣಿಸುವ ಪದ್ಧತಿ ಬೆಳೆಯಿತು.

ಕೈಫೆಂಗಿನ ವ್ಯಾಧಿ ಯಾವುದೆಂಬುದರಲ್ಲಿ ಇಂದಿನ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ಅದು ಪ್ಲೇಗೆಂದು ಕೆಲವರ ಊಹೆ. ಸೂಕ್ಷ್ಮಾಣುಗಳನ್ನರಿತ ನಾವು ಅಂಗೈಯ ಬಿಸಿಯನ್ನು ಮಾತ್ರ ನಂಬಿ ರೋಗವನ್ನು ನಿಶ್ಚಯಿಸಲಾರೆವು. ಆದರೂ ರೋಗವನ್ನು ಹೊಡೆಯುವ ಮುನ್ನ, ಆ ಪೆಟ್ಟನ್ನು ತಾಳುವ ಶಕ್ತಿ ರೋಗಿಯಲ್ಲಿದೆಯೇ ಎಂದು ಲೀ ಗಾವೋ ಕೇಳಿದ ಪ್ರಶ್ನೆ ಹಳೆಯದಾಗಿಲ್ಲ.