ಹೋಟೆಲು ಎಂಬ ಮಾತಿನ ಮದರಾಸು ಚರಿತ್ರೆ

ಪೋರೂರಿನ ನಮ್ಮ ಮನೆಗೆ ಬಂದಿದ್ದ ಸೋದರಳಿಯ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾನೆ. "ಮಾವ, ತಂಗಲು ಕೋಣೆ ಇಲ್ಲದ್ದು ಹೋಟೆಲಲ್ಲ, ರೆಸ್ಟೋರೆಂಟು" ಎಂದು ನನ್ನನ್ನು ತಿದ್ದಿದ. ಪಾಠದ ಮಟ್ಟಿಗೆ ಅವನ ಮಾತು ಸರಿ. ಆದರೆ ನಮ್ಮವರ ಬಾಯಲ್ಲಿ ಹೋಟೆಲೆಂದರೆ ಇಡ್ಲಿ, ಕಾಫಿ ಸಿಗುವ ಜಾಗ. ಕೋಣೆ ಇದ್ದರೆ ಅದು ಲಾಡ್ಜು.

ಈ ಎರಡು ಅರ್ಥಗಳನ್ನೂ ಮದರಾಸಿನಲ್ಲಿ ಒಂದೇ ಸೂರಿನಡಿ ತಂದವರಲ್ಲಿ ಉಡುಪಿ ಕಡೆಯ ಕೆ. ಕೃಷ್ಣರಾಯರು ಪ್ರಮುಖರು. ಅಡಿಗೆಮನೆಯ ಆಳಾಗಿ ದುಡಿದು, ಮುಂದೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದ ಅವರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಊಟದ ಜೊತೆಗೆ ವಸತಿಯೂ ಸೇರಿತು. ಬಳಿಕ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಬಂತು; 1962ರಲ್ಲಿ, ಕಾರಿನಲ್ಲೇ ಕುಳಿತು ತಿಂಡಿ ತಿನ್ನುವ ಡ್ರೈವ್-ಇನ್ ಬಂತು.

ಅಳಿಯನ ಪುಸ್ತಕದಲ್ಲಿ ‘ಫ್ರಂಟ್ ಆಫೀಸ್’ ಎಂದರೆ ಅತಿಥಿಯನ್ನು ಬರಮಾಡಿಕೊಂಡು, ಕೋಣೆ ಕೊಟ್ಟು, ಲೆಕ್ಕ ಇಡುವ ವಿಭಾಗ. ‘ಹೌಸ್‌ಕೀಪಿಂಗ್’ ಎಂದರೆ ಕೋಣೆಗಳ ಶುಚಿಯ ಹೊಣೆ. ನಮ್ಮ ಹಳೆಯ ಹೋಟೆಲುಗಳ ಮಾತೇ ಬೇರೆ: ಕ್ಲೀನರು, ಸಪ್ಲೈಯರು, ಭಟ್ಟರು, ಗಲ್ಲಾ. ಇವು ವಿಭಾಗಗಳೂ ಹೌದು, ಮೆಟ್ಟಿಲುಗಳೂ ಹೌದು. ಮೇಜು ಒರೆಸಿದವನು ಒಂದು ದಿನ ಗಲ್ಲಾದಲ್ಲಿ ಕೂರಬಹುದಿತ್ತು. ಎಲ್ಲರೂ ಕೂರಲಿಲ್ಲ. ಶಾಲೆ ಬಿಟ್ಟು ಊರಿನಿಂದ ಬಂದ ಎಷ್ಟೋ ಮಾಣಿಗಳು ಲೋಟ ತೊಳೆಯುತ್ತಲೇ ಮುದುಕರಾದರು. ಮಾಲೀಕರ ಕೀರ್ತಿ ಹೇಳುವಾಗ ಇದನ್ನೂ ಹೇಳಬೇಕು.

ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಕಸುಬನ್ನು ಇಂದು ಕಾಲೇಜಿನಲ್ಲಿ ಕಲಿಯಬಹುದು, ಸಂತೋಷವೇ. "ನಿನ್ನ ನೋಟ್ ಪುಸ್ತಕದಲ್ಲಿ ಮಾಣಿ, ಗಲ್ಲಾ ಎಂಬ ಮಾತುಗಳನ್ನೂ ಬರೆದುಕೊಳ್ಳಪ್ಪ" ಎಂದೆ. ಅವನು ನಕ್ಕು, ಪೆನ್ನು ತೆಗೆದ.