ಮೊದಲ ವಾರಗಳ ವಾಗ್ವಾದ: 1896–98ರ ಪ್ಲೇಗು ಮತ್ತು ನಿರ್ಬಂಧದ ಪ್ರಶ್ನೆ

1. ಪ್ರಶ್ನೆಯ ಸ್ವರೂಪ

ಸಾಂಕ್ರಾಮಿಕ ರೋಗವೊಂದು ಊರಿಗೆ ಕಾಲಿಟ್ಟ ಮೊದಲ ವಾರಗಳಲ್ಲಿ ಸತ್ತವರ ಸಂಖ್ಯೆ ಕಡಿಮೆ, ತಿಳಿವಳಿಕೆ ಇನ್ನೂ ಕಡಿಮೆ. ಸಂತೆ, ಜಾತ್ರೆ, ರೈಲು, ಕಾರ್ಖಾನೆಗಳನ್ನು ಆಗಲೇ ತಡೆದರೆ ಸುಮ್ಮನೆ ಜನರ ಅನ್ನ ಕಿತ್ತುಕೊಂಡಂತೆ ಕಾಣುತ್ತದೆ. ತಡೆಯದೆ ಬಿಟ್ಟು ರೋಗ ಹಬ್ಬಿದರೆ ಕೈ ಮೀರಿತೆಂಬ ಆರೋಪ ಬರುತ್ತದೆ. ಹೀಗಾಗಿ ಪ್ರತಿ ಸಾಂಕ್ರಾಮಿಕದ ಆರಂಭದಲ್ಲೂ ಒಂದೇ ಬಗೆಯ ಜಗಳ ಏಳುತ್ತದೆ: ಈಗಲೇ ಬಿಗಿ ಮಾಡಬೇಕೋ, ಇನ್ನಷ್ಟು ಕಾದು ನೋಡಬೇಕೋ?

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಪುಣೆ, ಧಾರವಾಡ, ಹುಬ್ಬಳ್ಳಿಗಳ ಮೂಲಕ 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗಿನ ಮೊದಲ ಎರಡು ವರ್ಷಗಳನ್ನು ಈ ಲೇಖನ ಪರಿಶೀಲಿಸುತ್ತದೆ. ನಿರ್ಬಂಧ ಬೇಗ ಬಂತೋ ತಡವಾಗಿ ಬಂತೋ ಎಂಬುದಕ್ಕಿಂತ, ಅದು ಯಾರನ್ನು ತಡೆಯಿತು, ಅದರ ಭಾರ ಯಾರ ಮೇಲೆ ಬಿತ್ತು, ತಪ್ಪೆಂದು ಕಂಡಾಗ ಹಿಂತೆಗೆಯಲು ದಾರಿ ಇತ್ತೇ ಎಂಬ ಮೂರು ಸಂಗತಿಗಳೇ ಅದರ ಫಲವನ್ನು ನಿರ್ಧರಿಸಿದವು ಎಂಬುದು ಇಲ್ಲಿನ ಪ್ರತಿಪಾದನೆ.

2. ಮುಂಬಯಿ: ಹೆಸರಿಡಲು ಹಿಂಜರಿಕೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಬಂದರಿಗೆ ಅಂಟಿಕೊಂಡ ಮಾಂಡ್ವಿ ಬಡಾವಣೆಯಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಎಂಬ ವೈದ್ಯರು ಗಡ್ಡೆ ಎದ್ದು ಜ್ವರದಿಂದ ನರಳುತ್ತಿದ್ದ ರೋಗಿಗಳನ್ನು ಪರೀಕ್ಷಿಸಿದರು. ಸ್ವತಃ ನಗರಸಭೆಯ ಸದಸ್ಯರೂ ಆಗಿದ್ದ ಅವರು ಸೆಪ್ಟೆಂಬರ್ 23ರಂದು ಇದು ಪ್ಲೇಗೇ ಎಂದು ಬಹಿರಂಗವಾಗಿ ಹೇಳಿದರು. ಎರಡೇ ವರ್ಷ ಹಿಂದೆ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯರ್ಸಿನ್ ಈ ರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದ. ಆದರೂ ಅಧಿಕಾರಿಗಳ ಬಾಯಲ್ಲಿ ಇದು ಕೆಲಕಾಲ ಬರೀ ‘ಸಂಶಯಾಸ್ಪದ ಜ್ವರ’ವಾಗಿಯೇ ಉಳಿಯಿತು. ಪ್ಲೇಗೆಂದು ಒಪ್ಪಿಕೊಂಡರೆ ಯುರೋಪಿನ ಬಂದರುಗಳು ಮುಂಬಯಿಯ ಹಡಗುಗಳಿಗೆ ಬಾಗಿಲು ಮುಚ್ಚುತ್ತವೆ, ಹತ್ತಿಯ ವ್ಯಾಪಾರ ನಿಲ್ಲುತ್ತದೆ ಎಂಬ ಭಯ ವರ್ತಕರಿಗೂ ಸರ್ಕಾರಕ್ಕೂ ಸಮಾನವಾಗಿತ್ತು. ಅಕ್ಟೋಬರಿನಲ್ಲಿ ನಗರಕ್ಕೆ ಬಂದ ವಾಲ್ಡೆಮಾರ್ ಹಾಫ್ಕಿನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ಪ್ಲೇಗೆಂದು ಖಚಿತಪಡಿಸಿದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ಅಷ್ಟರಲ್ಲಿ ಅಕ್ಟೋಬರ್ 6ರಂದು ನಗರಸಭೆಯ ಕಮಿಷನರ್ ಪಿ. ಸಿ. ಎಚ್. ಸ್ನೋ ಒಂದು ಪ್ರಕಟಣೆ ಹೊರಡಿಸಿದ. ಪ್ಲೇಗಿನ ಸಂಶಯವಿರುವ ಯಾರನ್ನೇ ಆಗಲಿ ಮನೆಯಿಂದ ಎತ್ತಿ ಆಸ್ಪತ್ರೆಗೆ ಸಾಗಿಸುವ ಅಧಿಕಾರ ಅದರಿಂದ ನಗರಸಭೆಗೆ ದೊರೆಯಿತು. ಕಾಲದ ದೃಷ್ಟಿಯಿಂದ ಇದು ತಡವಾದ ಕ್ರಮವಲ್ಲ. ವಿಯೇಗಸ್ ಬಾಯಿ ಬಿಟ್ಟು ಎರಡು ವಾರವೂ ಪೂರ್ತಿಯಾಗಿರಲಿಲ್ಲ. ಆದರೆ ಅಂದಿನ ಬಡವರ ಕಣ್ಣಲ್ಲಿ ಆಸ್ಪತ್ರೆಯೆಂದರೆ ಹೋದವರು ಮರಳಿ ಬಾರದ ಜಾಗ. ಅಲ್ಲಿ ಜಾತಿಯ ನೇಮ ಉಳಿಯುವುದಿಲ್ಲ, ಸತ್ತರೆ ಮನೆಯವರಿಗೆ ಹೆಣ ಸಿಗುವ ಭರವಸೆಯಿಲ್ಲ. ರೋಗಿಗಳ ಗುಂಡಿಗೆ ಕಿತ್ತು ರಾಣಿಗೆ ಕಳಿಸುತ್ತಾರೆಂಬ ವದಂತಿಯೂ ಹಬ್ಬಿತ್ತು. ಅಕ್ಟೋಬರ್ 29ರಂದು ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ಮುಗಿಬಿದ್ದರು. ಮರುದಿನವೇ ಸ್ನೋ ಹಿಂದೆ ಸರಿದು, ಮನೆಯಲ್ಲೇ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಬಲ್ಲವರನ್ನು ಒಯ್ಯುವುದಿಲ್ಲವೆಂದು ನಿಯಮ ಸಡಿಲಿಸಿದ.

ಈ ಹಿಂಜರಿತದ ಹಿಂದೆ ಇನ್ನೊಂದು ಕಾರಣವಿತ್ತು. ನಗರದ ಹೊಲಸು ಎತ್ತುವ ಪೌರಕಾರ್ಮಿಕರು ಹೆದರಿ ಊರು ಬಿಟ್ಟರೆ ಮುಂಬಯಿ ವಾಸಕ್ಕೇ ಯೋಗ್ಯವಾಗಿ ಉಳಿಯುವುದಿಲ್ಲವೆಂದು ಸ್ನೋ ತನ್ನ ವರದಿಯಲ್ಲೇ ಬರೆದುಕೊಂಡ. ನಗರದ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿದ್ದವರ ಒಪ್ಪಿಗೆಯಿಲ್ಲದೆ ಯಾವ ಆರೋಗ್ಯಕ್ರಮವೂ ನಡೆಯದೆಂಬುದು ಆ ಅಧಿಕಾರಿಗೆ ಅನುಭವದಿಂದಲೇ ಗೊತ್ತಾಗಿತ್ತು. ಆದರೆ ಆ ಒಪ್ಪಿಗೆಯನ್ನು ಮೊದಲೇ ಕೇಳಿ ಪಡೆಯುವ ಪ್ರಯತ್ನ ನಡೆಯಲಿಲ್ಲ. 1897ರ ಆರಂಭದ ಹೊತ್ತಿಗೆ ಎಂಟು ಲಕ್ಷ ಜನರ ನಗರದಿಂದ ಅರ್ಧಕ್ಕೆ ಸಮೀಪ ಮಂದಿ ಹೊರಟುಹೋಗಿದ್ದರು. ಅವರ ಗಂಟುಮೂಟೆಗಳ ಜೊತೆ ರೋಗವೂ ರೈಲು ಹತ್ತಿತು.

3. ನಾಲ್ಕು ಕಲಮುಗಳ ಕಾಯ್ದೆ

ಯುರೋಪಿನ ರಾಷ್ಟ್ರಗಳು 1897ರ ಫೆಬ್ರವರಿಯಲ್ಲಿ ವೆನಿಸ್‌ನಲ್ಲಿ ಪ್ಲೇಗಿನ ಕುರಿತು ಸಮ್ಮೇಳನ ಸೇರುವುದಿತ್ತು. ಆ ಒತ್ತಡದ ನಡುವೆ ಕಲ್ಕತ್ತೆಯ ಶಾಸನ ಪರಿಷತ್ತಿನಲ್ಲಿ ಜಾನ್ ವುಡ್‌ಬರ್ನ್ ಮಸೂದೆಯೊಂದನ್ನು ಮಂಡಿಸಿದ. ಫೆಬ್ರವರಿ 4ರಂದು ಅದು ಸಾಂಕ್ರಾಮಿಕ ರೋಗಗಳ ಕಾಯ್ದೆಯಾಯಿತು. ವಿಯೇಗಸ್ ಎಚ್ಚರಿಸಿದ ದಿನದಿಂದ ಅಲ್ಲಿಗೆ 134 ದಿನ ಕಳೆದಿದ್ದವು.

ಈ ಕಾಯ್ದೆಯನ್ನು ಹತ್ತಿರದಿಂದ ಓದಿದರೆ ಅದರ ಮನೋಧರ್ಮ ತಿಳಿಯುತ್ತದೆ. 1897ರಲ್ಲಿ ಅದರಲ್ಲಿ ಇದ್ದದ್ದು ನಾಲ್ಕೇ ಕಲಮು. ಮೊದಲನೆಯದು ಹೆಸರು ಮತ್ತು ವ್ಯಾಪ್ತಿ. ಎರಡನೆಯದರ ಪ್ರಕಾರ, ಸಾಮಾನ್ಯ ಕಾನೂನುಗಳು ಸಾಲವೆಂದು ಕಂಡಾಗ ಸರ್ಕಾರ ತನಗೆ ಅಗತ್ಯವೆನಿಸಿದ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು. ರೈಲು ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಸಂಶಯವಿರುವವರನ್ನು ಆಸ್ಪತ್ರೆಯಲ್ಲೋ ತಾತ್ಕಾಲಿಕ ವಸತಿಯಲ್ಲೋ ಬೇರ್ಪಡಿಸಬಹುದು. ಮೂರನೆಯದು ಉಲ್ಲಂಘಿಸಿದವರಿಗೆ ದಂಡಸಂಹಿತೆಯ 188ನೆಯ ಕಲಮಿನ ಶಿಕ್ಷೆ. ನಾಲ್ಕನೆಯದು ಸದುದ್ದೇಶದಿಂದ ಕೆಲಸ ಮಾಡಿದ ಯಾರ ಮೇಲೂ ದಾವೆ ಹೂಡುವಂತಿಲ್ಲವೆಂಬ ರಕ್ಷಣೆ.

‘ಅಪಾಯಕಾರಿ ಸಾಂಕ್ರಾಮಿಕ’ ಎಂದರೇನೆಂಬ ವ್ಯಾಖ್ಯೆ ಇದರಲ್ಲಿಲ್ಲ. ಕ್ರಮಗಳು ಎಷ್ಟು ಕಾಲ ಜಾರಿಯಲ್ಲಿರಬೇಕೆಂಬ ಗಡುವಿಲ್ಲ. ಕಾರಣವನ್ನು ಜನರ ಮುಂದಿಡಬೇಕೆಂಬ ಕಟ್ಟಳೆಯಿಲ್ಲ. ಪರಿಹಾರದ ಮಾತು ಒಂದೇ ಕಡೆ ಬರುತ್ತದೆ: ಖರ್ಚನ್ನು, ಪರಿಹಾರವೇನಾದರೂ ಇದ್ದಲ್ಲಿ ಅದನ್ನೂ ಸೇರಿಸಿ, ಯಾರು ಯಾವ ರೀತಿಯಲ್ಲಿ ಭರಿಸಬೇಕೆಂದು ಸರ್ಕಾರವೇ ನಿರ್ಧರಿಸಬಹುದು. ಮನೆಯಿಂದ ಹೊರಹಾಕಲ್ಪಟ್ಟ ಕೂಲಿಯವನು ಆ ವಾರ ಏನು ತಿನ್ನಬೇಕೆಂಬುದಕ್ಕೆ ಈ ನಾಲ್ಕು ಕಲಮುಗಳಲ್ಲಿ ಉತ್ತರವಿಲ್ಲ. ತುರ್ತಿನಲ್ಲಿ ಹುಟ್ಟಿದ ಕಾಯ್ದೆ ಅಧಿಕಾರವನ್ನು ವಿವರವಾಗಿ ಬರೆಯಿತು, ಹೊಣೆಯನ್ನು ಬರೆಯಲಿಲ್ಲ.

4. ಪುಣೆ: ಬಲದ ಪ್ರಯೋಗ

ಕಾಯ್ದೆ ಬಂದ ಮರುತಿಂಗಳೇ ಪುಣೆಯ ಪ್ಲೇಗ್ ಸಮಿತಿಗೆ ಡಬ್ಲ್ಯು. ಸಿ. ರ್‍ಯಾಂಡ್ ಅಧ್ಯಕ್ಷನಾದ. ಮಾರ್ಚ್ 13ರಿಂದ ಮನೆ ಶೋಧ ಶುರುವಾಯಿತು. ಬ್ರಿಟಿಷ್ ಸೈನಿಕರು ಓಣಿಯನ್ನು ಸುತ್ತುವರಿದು ಒಂದೊಂದೇ ಮನೆ ಹೊಕ್ಕು, ಅಡುಗೆಮನೆ, ದೇವರಕೋಣೆಗಳನ್ನೂ ಬಿಡದೆ ರೋಗಿಗಳಿಗಾಗಿ ಹುಡುಕಿದರು. ಸಿಕ್ಕವರನ್ನು ಆಸ್ಪತ್ರೆಗೆ, ಮನೆಮಂದಿಯನ್ನು ಪ್ರತ್ಯೇಕ ಶಿಬಿರಕ್ಕೆ ಸಾಗಿಸಿ, ಹಾಸಿಗೆ ಬಟ್ಟೆಗಳನ್ನು ಸುಟ್ಟು, ನೆಲ ಅಗೆದು, ಗೋಡೆಗೆ ಸುಣ್ಣ ಬಳಿದರು. ಇತ್ತ ಮುಂಬಯಿಯಲ್ಲಿ ವಾಸಕ್ಕೆ ಯೋಗ್ಯವಲ್ಲವೆಂದು ಸಾರುವ ‘ಯು.ಎಚ್.ಎಚ್.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಬಡವರ ಮನೆಗಳ ಮೇಲೆ ಮೂಡತೊಡಗಿದ್ದವು.

ನಿರ್ಬಂಧದ ಕುರಿತ ವಾಗ್ವಾದದಲ್ಲಿ ಪುಣೆಯ ಭಾರತೀಯ ನಾಯಕರು ಒಂದೇ ದನಿಯಲ್ಲಿ ಮಾತಾಡಿದರೆಂದು ಭಾವಿಸಬಾರದು. ಬಾಲಗಂಗಾಧರ ತಿಲಕರು ‘ಕೇಸರಿ’ಯಲ್ಲಿ ಶೋಧದ ದರ್ಪವನ್ನು ಖಂಡಿಸಿದರು; ಊರು ಬಿಟ್ಟು ಓಡಿದ ಮುಖಂಡರನ್ನೂ ಟೀಕಿಸಿದರು; ತಾವು ಅಲ್ಲೇ ಉಳಿದು ಹಿಂದೂಗಳಿಗಾಗಿ ಆಸ್ಪತ್ರೆಯೊಂದನ್ನು ನಡೆಸಲು ನೆರವಾದರು. ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತೆಗೂಡಿ ಪುಣೆಯ ಹೊರವಲಯದಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದಾಗ ತಾವೇ ಸೋಂಕಿಗೆ ತುತ್ತಾಗಿ ಮಾರ್ಚ್ 10ರಂದು ತೀರಿಕೊಂಡರು. ರೋಗಿಯನ್ನು ಬೇರ್ಪಡಿಸಬೇಕೆಂಬುದನ್ನು ಇವರು ಒಪ್ಪದೆ ಇರಲಿಲ್ಲ. ಬೇರ್ಪಡಿಸಿದವರನ್ನು ನೋಡಿಕೊಳ್ಳುವವರು ಯಾರು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ದಿನ, ಶೋಧದ ದರ್ಪದಿಂದ ಕೆರಳಿದ ಚಾಪೇಕರ್ ಸಹೋದರರ ಗುಂಡಿಗೆ ರ್‍ಯಾಂಡ್‌ನ ಬೆಂಗಾವಲಿಗಿದ್ದ ಲೆಫ್ಟಿನೆಂಟ್ ಏಯರ್ಸ್ಟ್ ಸತ್ತ. ಗಾಯಗೊಂಡ ರ್‍ಯಾಂಡ್ ಜುಲೈ 3ರಂದು ಸತ್ತ. ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಶಿಕ್ಷೆಯಾಯಿತು. ರೋಗದ ಕಥೆ ಮಾತ್ರ ಮುಗಿಯಲಿಲ್ಲ. ಬೇಸಿಗೆಯಲ್ಲಿ ಇಳಿದಿದ್ದ ಪ್ಲೇಗು ಅದೇ ವರ್ಷದ ಉತ್ತರಾರ್ಧದಲ್ಲಿ ಪುಣೆಗೆ ಮತ್ತೆ ಬಂತು, ಹೆಚ್ಚು ಬಲವಾಗಿ ಬಂತು. ಒಣ ಬಿಸಿಲಿನಲ್ಲಿ ಪ್ಲೇಗು ಹರಡುವ ಇಲಿಯ ಚಿಗಟಗಳು ಕಡಿಮೆಯಾಗುವುದರಿಂದ ರೋಗವೂ ಇಳಿಯುತ್ತದೆ. ಶೋಧದ ಯಶಸ್ಸೆಂದು ಕಂಡದ್ದರಲ್ಲಿ ಋತುಮಾನದ ಪಾಲಿತ್ತು.

5. ಇಲಿ ಬಿದ್ದ ಊರು

ಆ ಹೊತ್ತಿಗೆ ಯಾವ ಸಮಿತಿಗೂ ರೋಗ ಹರಡುವ ದಾರಿ ತಿಳಿದಿರಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಂಡ್ ಇಲಿಯ ಚಿಗಟವೇ ಪ್ಲೇಗಿನ ವಾಹಕವೆಂದು ಪ್ರಯೋಗದಿಂದ ತೋರಿಸಿದರೂ, ಅದಕ್ಕೆ ಸಾರ್ವತ್ರಿಕ ಮನ್ನಣೆ ಸಿಕ್ಕಿದ್ದು ಮುಂದಿನ ದಶಕದಲ್ಲಿ. ಅಲ್ಲಿಯವರೆಗೆ ಸರ್ಕಾರ ತಡೆದದ್ದು ಮನುಷ್ಯನನ್ನು. ರೋಗ ಓಡಾಡಿದ್ದು ಇಲಿಯ ಬೆನ್ನ ಮೇಲೆ.

ಹಳ್ಳಿಗರಿಗೆ ಸಿದ್ಧಾಂತ ಗೊತ್ತಿರಲಿಲ್ಲ, ಲಕ್ಷಣ ಗೊತ್ತಿತ್ತು. ಇಲಿ ಬಿದ್ದರೆ ಊರು ಬಿಡಬೇಕು. ಕನ್ನಡ ನಾಡಿನ ಹಳ್ಳಿಗಳಲ್ಲಿ ಜಂತಿಯಿಂದ ಇಲಿ ಉದುರಿತೆಂದರೆ ಕಾಳುಕಡಿ, ದನಕರು ಸಮೇತ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ವಾಡಿಕೆಯಾಯಿತು. ಸೋಂಕಿತ ಚಿಗಟಗಳಿರುವ ಮನೆಯಿಂದ ದೂರ ಸರಿಯುವ ಈ ಕ್ರಮ ಇಂದಿನ ವಿಜ್ಞಾನದ ಪ್ರಕಾರವೂ ಸರಿ. ಇದೂ ನಿರ್ಬಂಧವೇ, ಬಹಳ ಕಠಿಣವಾದ ನಿರ್ಬಂಧ, ಮೇಲಾಗಿ ಒಬ್ಬ ಮನುಷ್ಯನೂ ಕಾಯಿಲೆ ಬೀಳುವ ಮೊದಲೇ ಜಾರಿಗೆ ಬರುತ್ತಿದ್ದ ನಿರ್ಬಂಧ. ಇದಕ್ಕೆ ಸೈನಿಕರು ಬೇಕಾಗಲಿಲ್ಲ. ಮನೆಮಂದಿ ಒಟ್ಟಿಗಿದ್ದರು, ಬೆಳೆ ಕಣ್ಣೆದುರಿತ್ತು, ಇಲಿ ಬೀಳುವುದು ನಿಂತ ಮೇಲೆ ಮರಳಬಹುದೆಂಬ ಗಡುವು ಎಲ್ಲರಿಗೂ ಗೊತ್ತಿತ್ತು. ಮುಂದೆ ಸರ್ಕಾರಗಳೂ ಬಲವಂತದ ಶೋಧವನ್ನು ಕೈಬಿಟ್ಟು ಊರು ತೆರವು ಮತ್ತು ಲಸಿಕೆಯ ಕಡೆ ವಾಲಿದವು. ಹಾಫ್ಕಿನ್ 1897ರ ಜನವರಿಯಲ್ಲಿ ತನ್ನ ಮೇಲೇ ಪ್ರಯೋಗಿಸಿಕೊಂಡಿದ್ದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಬಹುಪಾಲು ಜನ ಹಾಕಿಸಿಕೊಂಡರು.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯ ರೈಲಿನ ದಾರಿಯಲ್ಲಿ. ಆಗ ರೀಜೆಂಟ್ ಮಹಾರಾಣಿಯಾಗಿದ್ದವರು ವಾಣೀವಿಲಾಸ ಸನ್ನಿಧಾನ, ದಿವಾನರು ಶೇಷಾದ್ರಿ ಅಯ್ಯರ್; ಪ್ಲೇಗ್ ಕಮಿಷನರ್ ಆಗಿ ವಿ. ಪಿ. ಮಾಧವರಾವ್ ನೇಮಕಗೊಂಡರು. ಸಂಸ್ಥಾನದಲ್ಲೂ ಎಲ್ಲವೂ ಸುಗಮವಾಗಿರಲಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ದೊಂಬಿಯೆದ್ದಿತು. 1891ರಲ್ಲಿ 80,285 ಇದ್ದ ಬೆಂಗಳೂರು ನಗರದ ಜನಸಂಖ್ಯೆ 1901ರ ಜನಗಣತಿಯಲ್ಲಿ 69,447ಕ್ಕೆ ಇಳಿಯಿತು. ಆದರೆ ರೋಗದ ಪಾಠ ಕಟ್ಟಡದ ರೂಪ ತಾಳಿದ್ದೂ ಇಲ್ಲೇ. ಬಸವನಗುಡಿ, ಮಲ್ಲೇಶ್ವರಗಳಂಥ ಅಗಲ ಬೀದಿಯ, ಹಿತ್ತಿಲಿನಲ್ಲಿ ಕಸ ಸಾಗಿಸುವ ಓಣಿಯಿದ್ದ ಬಡಾವಣೆಗಳಿಗೆ ವೇಗ ಬಂತು. 1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಜನರನ್ನು ಎಲ್ಲಿಂದ ಎಬ್ಬಿಸಬೇಕೆಂಬುದರ ಜೊತೆಗೆ ಎಲ್ಲಿ ಇರಿಸಬೇಕೆಂದೂ ಯೋಚಿಸಿದ ಕಡೆ ನಿರ್ಬಂಧಕ್ಕೆ ಅರ್ಥ ಬಂತು.

6. ಬೇಗ ಎಂದರೆ ಯಾವುದು ಬೇಗ?

ಈ ಇತಿಹಾಸದಿಂದ ನಿರ್ಬಂಧವೇ ವ್ಯರ್ಥವೆಂಬ ತೀರ್ಮಾನಕ್ಕೆ ಬರುವಂತಿಲ್ಲ. ಉಸಿರಿನಿಂದ ಹರಡುವ ರೋಗದಲ್ಲಿ ದಿನಗಳ ಲೆಕ್ಕವೂ ಮುಖ್ಯ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಸೆಪ್ಟೆಂಬರ್ 28ರಂದು ಯುದ್ಧಸಾಲದ ಭಾರಿ ಮೆರವಣಿಗೆಗೆ ಅವಕಾಶ ಕೊಟ್ಟಿತು. ಸೇಂಟ್ ಲೂಯಿಸ್ ನಗರ ಮೊದಲ ಪ್ರಕರಣಗಳು ಕಂಡ ಕೆಲವೇ ದಿನಗಳಲ್ಲಿ ಶಾಲೆ, ಚಿತ್ರಮಂದಿರ, ಸಭೆಗಳನ್ನು ಮುಚ್ಚಿತು. ಮರಣದ ಪ್ರಮಾಣ ಸೇಂಟ್ ಲೂಯಿಸ್‌ನಲ್ಲಿ ಬಹಳ ಕಡಿಮೆಯಿತ್ತು. ಆದ್ದರಿಂದ ಕಾದು ನೋಡೋಣವೆಂಬ ವಾದಕ್ಕೆ ಯಾವಾಗಲೂ ಬೆಲೆ ತೆರಬೇಕಾಗುತ್ತದೆ, ಮತ್ತು ಆ ಬೆಲೆಯನ್ನು ತೆರುವವರು ವಾದ ಮಾಡಿದವರಲ್ಲ.

ಆದರೆ ಬೇಗ ಆಗಬೇಕಾದ್ದರಲ್ಲೂ ಒಂದು ಕ್ರಮವಿದೆ. ಮೊದಲು ಬೇಗ ಆಗಬೇಕಾದದ್ದು ಸತ್ಯ ಹೇಳುವುದು. ಮುಂಬಯಿಯಲ್ಲಿ ಅಮೂಲ್ಯ ದಿನಗಳು ಕಳೆದುಹೋದದ್ದು ಚರ್ಚೆಯಲ್ಲಲ್ಲ, ನಿರಾಕರಣೆಯಲ್ಲಿ. ಎರಡನೆಯದು, ತಪ್ಪಾದರೂ ಹೆಚ್ಚು ಹಾನಿ ಮಾಡದ, ಹಿಂತೆಗೆಯಬಹುದಾದ ತಡೆಗಳು. ಮೂರನೆಯದು, ತಡೆಯ ಜೊತೆಯಲ್ಲೇ ಅನ್ನ, ಕೂಲಿ, ಆರೈಕೆ. ಇವುಗಳ ನಂತರವೇ, ತಿಳಿವಳಿಕೆ ಗಟ್ಟಿಯಾದಷ್ಟೂ, ಬಿಗಿ ಹೆಚ್ಚಬೇಕು.

2020ರ ಮಾರ್ಚಿನಲ್ಲಿ ಕೋವಿಡ್ ಕಾಲಿಟ್ಟಾಗ ಕರ್ನಾಟಕ ಸರ್ಕಾರ ನಿಯಮಗಳನ್ನು ಹೊರಡಿಸಿದ್ದು ಇದೇ 1897ರ ಕಾಯ್ದೆಯ ಅಡಿಯಲ್ಲಿ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದಾಖಲಾದ ಬೆನ್ನಲ್ಲೇ ರಾಜ್ಯದ ಮಾಲ್, ಚಿತ್ರಮಂದಿರಗಳು ಒಂದು ವಾರಕ್ಕೆಂದು ಮುಚ್ಚಿದವು. ಗಡುವಿದ್ದ, ಕಾರಣ ಕಣ್ಣೆದುರಿದ್ದ ಆ ಕ್ರಮವನ್ನು ಸಮರ್ಥಿಸಬಹುದು. ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಸೂಚನೆಯಲ್ಲಿ ಇಡೀ ದೇಶ ಮುಚ್ಚಿದಾಗ ವಲಸೆ ಕಾರ್ಮಿಕರ ಊಟ, ಬಾಡಿಗೆ, ಮರಳುವ ದಾರಿಗಳ ವ್ಯವಸ್ಥೆ ಆದೇಶದ ಜೊತೆ ಬರಲಿಲ್ಲ. ಮೇ ಮೊದಲ ವಾರದಲ್ಲಿ ಕಾರ್ಮಿಕರ ವಿಶೇಷ ರೈಲುಗಳನ್ನು ಕರ್ನಾಟಕ ರದ್ದುಪಡಿಸಿ, ಟೀಕೆಯ ನಂತರ ಮತ್ತೆ ಒಪ್ಪಬೇಕಾಯಿತು. 1897ರಲ್ಲಿ ಗಿರಣಿ ಕೂಲಿಯವರ ಹೊಟ್ಟೆಯನ್ನು ಮರೆತ ಆಡಳಿತಕ್ರಮ 123 ವರ್ಷಗಳ ಬಳಿಕ ಕಟ್ಟಡ ಕೂಲಿಯವರ ಹೊಟ್ಟೆಯನ್ನೂ ಮರೆಯಿತು.

7. ಉಪಸಂಹಾರ

ಮೊದಲ ವಾರಗಳ ವಾಗ್ವಾದವನ್ನು ಅಡ್ಡಿಯೆಂದು ನೋಡುವ ಆಡಳಿತ ತನ್ನ ಕಣ್ಣನ್ನೇ ಕಟ್ಟಿಕೊಳ್ಳುತ್ತದೆ. ಆಸ್ಪತ್ರೆಗೆ ಏಕೆ ಹೆದರುತ್ತಾರೆ, ಯಾರು ಊರು ಬಿಡುತ್ತಾರೆ, ಇಲಿ ಎಲ್ಲಿ ಬಿತ್ತು ಎಂಬ ಮಾಹಿತಿ ಬರುವುದು ಜನರ ಬಾಯಿಂದಲೇ. ಆದ್ದರಿಂದ ಸಾಂಕ್ರಾಮಿಕ ಕಾಲದ ಯಾವುದೇ ಕಾನೂನು ನಾಲ್ಕು ಹೊಣೆಗಳನ್ನು ಬರಹದಲ್ಲೇ ಒಪ್ಪಿಕೊಳ್ಳಬೇಕು: ಪ್ರತಿ ನಿರ್ಬಂಧಕ್ಕೂ ಪ್ರಕಟಿತ ಕಾರಣ, ನಿಗದಿತ ಗಡುವು, ಶಾಸನಸಭೆಯ ಮುಂದೆ ಪರಿಶೀಲನೆ, ಮತ್ತು ದುಡಿಮೆ ಕಳೆದುಕೊಂಡವರಿಗೆ ಆದೇಶದ ದಿನದಿಂದಲೇ ಜೀವನಾಧಾರ. ಮುಂದಿನ ಸಾಂಕ್ರಾಮಿಕ ಬರುವ ಮುನ್ನ, ತಲೆ ತಣ್ಣಗಿರುವ ಈ ಹೊತ್ತಿನಲ್ಲಿ, ಶಾಸಕರೂ ವೈದ್ಯರೂ ಇತಿಹಾಸಕಾರರೂ ಕೂತು ಮಾಡಬೇಕಾದ ಕೆಲಸ ಇದು.